ಚೌಕಗಳಲ್ಲಿ ಬೆಳೆದ ನಗರ: ಥಾಣೆ–ಡೊಂಬಿವಲಿ–ಕಲ್ಯಾಣ್–ನವಿಮುಂಬಯಿ ಪ್ರದೇಶದ ವಿಸ್ತರಣೆ ಮತ್ತು ಗಣಕ ಮಾದರಿಗಳು

ಕಲ್ಯಾಣವೆಂದೊಡನೆ ಕನ್ನಡ ಅಧ್ಯಯನಕಾರರ ಮನಸ್ಸು ಬಸವಣ್ಣನವರ ಕಲ್ಯಾಣದತ್ತ ಹೊರಳುವುದು ಸಹಜ. ಪ್ರಸ್ತುತ ಲೇಖನದ ಕಲ್ಯಾಣ ಅದಲ್ಲ. ಮುಂಬಯಿಯ ಈಶಾನ್ಯಕ್ಕೆ ಉಲ್ಹಾಸ ನದಿಯ ದಡದಲ್ಲಿರುವ, ಇಂದು ರೈಲ್ವೆ ಜಂಕ್ಷನ್ನೆಂದೇ ಹೆಚ್ಚು ಪರಿಚಿತವಾದ ಕಲ್ಯಾಣ್. ಹಾಗೆಂದು ಇದು ಎಳೆಯ ಊರೇನಲ್ಲ. ಕನ್ಹೇರಿ ಗುಹೆಗಳ ದಾನಶಾಸನಗಳಲ್ಲಿ ಇದರ ಹೆಸರು ಬರುತ್ತದೆ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನೌಕಾಯಾನದ ಕೈಪಿಡಿಯಾದ 'ಪೆರಿಪ್ಲಸ್' ಇದನ್ನು 'ಕಲ್ಲಿಯೇನ' ಎಂದು ಕರೆಯುತ್ತದೆ. ಒಮ್ಮೆ ವಿಧಿಬದ್ಧ ವ್ಯಾಪಾರಕ್ಕೆ ತೆರೆದಿದ್ದ ಈ ರೇವಿಗೆ ಮುಂದೆ ಅಡ್ಡಿಗಳು ಬಂದವೆಂದೂ, ಇಲ್ಲಿಗೆ ತಲಪಿದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬರಿಗಾಜಕ್ಕೆ, ಅಂದರೆ ಭರೂಚಿಗೆ, ಸಾಗಿಸುತ್ತಿದ್ದರೆಂದೂ ಅದು ತಿಳಿಸುತ್ತದೆ. ನೆರೆಯ ಥಾಣೆ ಉತ್ತರ ಕೊಂಕಣದ ಶಿಲಾಹಾರರ ಶ್ರೀಸ್ಥಾನಕ. ರಾಷ್ಟ್ರಕೂಟರ ಮಾಂಡಲಿಕರಾಗಿ ತಲೆಯೆತ್ತಿದ ಈ ಮನೆತನ 'ತಗರಪುರವರಾಧೀಶ್ವರ' ಎಂಬ ಬಿರುದನ್ನು ಧರಿಸಿತ್ತು. ಕಲ್ಯಾಣಿಗೆ ಸಮೀಪದ ಅಂಬರನಾಥದ ಶಿವಾಲಯ ಈ ಮನೆತನದ ಮುಮ್ಮುಣಿಯ ಕಾಲದ್ದು. ಅಲ್ಲಿಯ ಶಾಸನದ ಶಕವರ್ಷ 982, ಅಂದರೆ ಕ್ರಿ.ಶ. 1060.

ಇಷ್ಟು ಹಳೆಯ ಸಂಗತಿಗಳನ್ನು ಮೊದಲಿಗೇ ಹೇಳಲು ಕಾರಣವಿದೆ. ನಗರಗಳು ಹೇಗೆ ಹರಡುತ್ತವೆ ಎಂಬುದನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವ ಅಧ್ಯಯನಗಳು ಕಳೆದ ಮೂರು ದಶಕಗಳಲ್ಲಿ ಹೆಚ್ಚಿವೆ. ಮುಂಬಯಿ ಮಹಾನಗರ ಪ್ರದೇಶವೂ ಅವುಗಳ ಪ್ರಯೋಗಭೂಮಿಯಾಗಿದೆ. ಅಂಥ ಅಧ್ಯಯನಗಳಲ್ಲಿ ಈ ಪ್ರದೇಶದ ಇತಿಹಾಸ ಸಾಮಾನ್ಯವಾಗಿ 1970ರ ದಶಕದ ಮೊದಲ ಉಪಗ್ರಹಚಿತ್ರದಿಂದ ಆರಂಭವಾಗುತ್ತದೆ. ಅದಕ್ಕೂ ಹಿಂದಿನದೆಲ್ಲ 'ಇದ್ದದ್ದು' ಎಂಬ ಒಂದೇ ಬಣ್ಣದಲ್ಲಿ ಅಡಗಿಹೋಗುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಈ ಮಾದರಿಗಳಿಂದ ಪ್ರಯೋಜನವುಂಟೆ, ಉಂಟಾದರೆ ಎಲ್ಲಿ, ಅವು ಯಾವುದನ್ನು ಕಾಣಲಾರವು ಎಂಬುದನ್ನು ಈ ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಮಾದರಿಗಳ ಹುಟ್ಟನ್ನು ಚಿಕ್ಕದಾಗಿ ನೋಡಬಹುದು. ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ 'ಅರ್ಬನ್ ಡೈನಮಿಕ್ಸ್' ನಗರವನ್ನು ಉದ್ಯೋಗ, ವಸತಿ, ಜನಸಂಖ್ಯೆಗಳ ಪರಸ್ಪರ ಹರಿವಿನ ಸಮೀಕರಣಗಳನ್ನಾಗಿ ಕಂಡಿತು. ಅದರಲ್ಲಿ ಭೂಪಟವೇ ಇರಲಿಲ್ಲ. ಅದಕ್ಕೂ ಮುಂಚೆ 1964ರಲ್ಲಿ ಐರಾ ಲೌರಿ ಪಿಟ್ಸ್‌ಬರ್ಗ್ ನಗರಕ್ಕಾಗಿ ರಚಿಸಿದ ಮಾದರಿಯಲ್ಲಿ ಸ್ಥಳವಿತ್ತು, ಆದರೆ ಕಾಲದ ಚಲನೆ ಇರಲಿಲ್ಲ. ಇಂಥ ಬೃಹತ್ ಮಾದರಿಗಳ ಮೇಲೆ ಡಗ್ಲಸ್ ಲೀ 1973ರಲ್ಲಿ ಒಂದು ಚರಮಗೀತೆಯನ್ನೇ ಬರೆದು ಅವುಗಳ ಏಳು ದೋಷಗಳನ್ನು ಎಣಿಸಿದರು. ಹೊಸ ದಾರಿ ಬೇರೆ ಕಡೆಯಿಂದ ಬಂದಿತು. ಸ್ಟಾನಿಸ್ಲಾವ್ ಉಲಂ ಮತ್ತು ಜಾನ್ ಫಾನ್ ನಾಯ್ಮನ್ 1940ರ ದಶಕದಲ್ಲಿ ಚಿಂತಿಸಿದ್ದ, 1970ರಲ್ಲಿ ಜಾನ್ ಕಾನ್ವೆಯ 'ಜೀವನದ ಆಟ'ದಿಂದ ಜನಪ್ರಿಯವಾದ 'ಸೆಲ್ಯುಲರ್ ಆಟೊಮೇಟಾ' ಎಂಬ ವಿಧಾನವದು. ಚೌಕುಳಿ ಕಾಗದವೊಂದನ್ನು ಕಲ್ಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪ್ರತಿ ಚೌಕವೂ ಖಾಲಿ ಅಥವಾ ತುಂಬಿದ ಸ್ಥಿತಿಯಲ್ಲಿರುತ್ತದೆ. ಮುಂದಿನ ಗಳಿಗೆಯಲ್ಲಿ ಅದು ಏನಾಗಬೇಕೆಂಬುದನ್ನು ಸುತ್ತಲಿನ ಎಂಟು ಚೌಕಗಳು ಒಂದು ನಿಯಮದಂತೆ ನಿರ್ಧರಿಸುತ್ತವೆ. ಕಾನ್ವೆಯ ಆಟದಲ್ಲಿ ಸುತ್ತಲೂ ಸರಿಯಾಗಿ ಮೂರು ಜೀವಂತ ಚೌಕಗಳಿದ್ದರೆ ಖಾಲಿ ಚೌಕಕ್ಕೆ ಜೀವ ಬರುತ್ತದೆ. ಇಷ್ಟು ಸರಳವಾದ ನಿಯಮದಿಂದ ಯಾರೂ ಮುಂಚಿತವಾಗಿ ಬರೆಯದ ಆಕೃತಿಗಳು ಮೂಡುತ್ತವೆ. ವಾಲ್ಡೊ ಟೋಬ್ಲರ್ ಅದೇ 1970ರಲ್ಲಿ ಡೆಟ್ರಾಯಿಟ್ ಪ್ರದೇಶದ ಬೆಳವಣಿಗೆಯನ್ನು ಗಣಕದಲ್ಲಿ ಚಲನಚಿತ್ರವಾಗಿ ತೋರಿಸಿದ ಪ್ರಬಂಧದಲ್ಲಿ, ಎಲ್ಲವೂ ಎಲ್ಲದಕ್ಕೂ ಸಂಬಂಧಿಸಿದ್ದರೂ ಹತ್ತಿರದ ವಸ್ತುಗಳ ಸಂಬಂಧ ದೂರದವುಗಳಿಗಿಂತ ಗಾಢವೆಂಬ ಸೂತ್ರವನ್ನು ಮಂಡಿಸಿದರು. ಇಡೀ ವಿಧಾನದ ಬಲವೂ ದೌರ್ಬಲ್ಯವೂ ಈ ಸೂತ್ರದಲ್ಲಿಯೇ ಇವೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವ 'ಸ್ಲೂತ್' ಎಂಬ ಮಾದರಿಯನ್ನು ಕೀತ್ ಕ್ಲಾರ್ಕ್ ಮತ್ತು ಸಂಗಡಿಗರು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶಕ್ಕಾಗಿ ರೂಪಿಸಿ 1997ರಲ್ಲಿ ಪ್ರಕಟಿಸಿದರು. ಅದರಲ್ಲಿ ನಗರ ನಾಲ್ಕು ಬಗೆಯಲ್ಲಿ ಬೆಳೆಯುತ್ತದೆ. ಎಲ್ಲೋ ಒಂದು ಚೌಕ ತಾನಾಗಿ ತುಂಬುವುದು, ಹಾಗೆ ತುಂಬಿದ ಚೌಕ ಹೊಸ ಕೇಂದ್ರವಾಗುವುದು, ಇದ್ದ ನಗರದ ಅಂಚು ಮುಂದಕ್ಕೆ ಚಾಚುವುದು, ರಸ್ತೆಯ ಗುಂಟ ಕಟ್ಟಡಗಳು ಏಳುವುದು. ಇಳಿಜಾರು ಬೆಳವಣಿಗೆಯನ್ನು ತಡೆಯುತ್ತದೆ. ಕಟ್ಟಬಾರದ ಜಾಗಗಳನ್ನು ಒಂದು 'ನಿಷಿದ್ಧ ಪದರ'ದಲ್ಲಿ ಗುರುತಿಸಿಡಲಾಗುತ್ತದೆ. ಕನಿಷ್ಠ ನಾಲ್ಕು ಕಾಲಘಟ್ಟಗಳ ನಗರವ್ಯಾಪ್ತಿಯ ಪಟಗಳನ್ನೂ ಎರಡು ಕಾಲದ ರಸ್ತೆಪಟಗಳನ್ನೂ ಯಂತ್ರಕ್ಕೆ ಕೊಟ್ಟು, ಹಳೆಯ ಪಟದಿಂದ ಹೊಸ ಪಟ ಮೂಡುವಂತೆ ನಿಯಮಗಳ ಬಲವನ್ನು ಹೊಂದಿಸಲಾಗುತ್ತದೆ. ಬಳಿಕ ಅದೇ ಬಲದಲ್ಲಿ ಭವಿಷ್ಯವನ್ನು ನೂರಾರು ಸಲ ಓಡಿಸಿ, ಪ್ರತಿಯೊಂದು ಚೌಕವೂ ತುಂಬುವ ಸಂಭವವೆಷ್ಟೆಂದು ಲೆಕ್ಕ ಹಾಕುತ್ತಾರೆ. ಮುಂಬಯಿಯ ಮಟ್ಟಿಗೆ, ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕಾ ಕೇಂದ್ರದ ಎಸ್.ಕೆ. ಪಾಠಣ್ ಮೊದಲಾದವರು 1993ರಲ್ಲಿಯೇ ಮಹಾನಗರ ಪ್ರದೇಶದ ಬೆಳವಣಿಗೆಯ ದಿಕ್ಕನ್ನು ಗಣಕೀಕೃತ ಪಟಗಳಿಂದ ವಿಶ್ಲೇಷಿಸಿದ್ದರು. 2013ರಲ್ಲಿ ಹೊಸೇನ್ ಶಫಿಝಾದೆ ಮೊಗದಮ್ ಮತ್ತು ಮಾರ್ಕೊ ಹೆಲ್ಬಿಕ್, 1973ರಿಂದ 2010ರವರೆಗಿನ ಉಪಗ್ರಹಚಿತ್ರಗಳ ಆಧಾರದಲ್ಲಿ ಮಾರ್ಕೊವ್ ಸರಪಳಿ ಮತ್ತು ಸೆಲ್ಯುಲರ್ ಆಟೊಮೇಟಾಗಳನ್ನು ಜೋಡಿಸಿ ಮುಂದಿನ ದಶಕಗಳನ್ನು ಊಹಿಸಿದರು. ಎಷ್ಟು ನೆಲ ಬದಲಾಗುತ್ತದೆಂಬುದನ್ನು ಸರಪಳಿ ಹೇಳಿದರೆ, ಎಲ್ಲಿ ಬದಲಾಗುತ್ತದೆಂಬುದನ್ನು ಚೌಕಗಳ ನಿಯಮ ಹೇಳುತ್ತದೆ.

ಇನ್ನು ನೆಲದ ಕಡೆ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಪ್ರಯಾಣಿಕ ರೈಲು ತಲಪಿದ್ದು ಥಾಣೆಗೆ. ಮರುವರ್ಷವೇ ಹಳಿ ಖಾಡಿಯನ್ನು ದಾಟಿ ಕಲ್ಯಾಣನ್ನು ಮುಟ್ಟಿತು. ಭೋರ್ ಘಾಟಿನ ದಾರಿ 1863ರಲ್ಲೂ ಥಲ್ ಘಾಟಿನ ದಾರಿ 1865ರಲ್ಲೂ ತೆರೆದಾಗ ಕಲ್ಯಾಣ್ ಎರಡು ಘಾಟಿಗಳ ಕವಲಿನ ಊರಾಯಿತು. ರೇವು ಹೂಳು ತುಂಬಿ ಸತ್ತಿದ್ದರೂ ಊರು ಬದುಕಿಕೊಂಡಿತು. ರಸ್ತೆಯ ಆಕರ್ಷಣೆ ಎಂಬ ಮಾದರಿಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲವೆಂದು ತೋರಬಹುದು. ಆದರೆ ಥಾಣೆ–ಕಲ್ಯಾಣ್ ನಡುವಿನ ಡೊಂಬಿವಲಿಯನ್ನು ನೋಡಿ. ಹಳಿ ಅದರ ಪಕ್ಕದಲ್ಲೇ 1854ರಿಂದ ಇದೆ. ನಿಲ್ದಾಣ ಬಂದದ್ದು 1887ರಲ್ಲಿ. ಅನಂತರವೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಭತ್ತದ ಗದ್ದೆಗಳ ನಡುವಿನ ಸಣ್ಣ ಊರಾಗಿಯೇ ಉಳಿಯಿತು. ನಿಲ್ದಾಣದ ಸುತ್ತಲಿನ ಚೌಕಗಳು ತುಂಬಬೇಕೆಂದು ನಿಯಮ ಹೇಳುತ್ತದೆ, ಅವು ತುಂಬಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅವು ತುಂಬತೊಡಗಿದಾಗ ಕಾರಣ ಡೊಂಬಿವಲಿಯಲ್ಲಿರಲಿಲ್ಲ, ಐವತ್ತು ಕಿಲೋಮೀಟರ್ ದೂರದ ಗಿರಗಾಂವ್‌ದಲ್ಲಿತ್ತು.

ಆ ಕಾರಣದ ಹೆಸರು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ. ಬಾಡಿಗೆಯನ್ನು 1940ರ ಮಟ್ಟದಲ್ಲಿ ಹಿಡಿದಿಟ್ಟ ಈ ಕಾಯಿದೆ ಇದ್ದ ಬಾಡಿಗೆದಾರನನ್ನು ರಕ್ಷಿಸಿತು. ಅದೇ ಹೊಡೆತಕ್ಕೆ ಬಾಡಿಗೆಗಾಗಿ ಹೊಸ ಮನೆ ಕಟ್ಟುವ ಉತ್ಸಾಹವನ್ನೂ ಬತ್ತಿಸಿತು. ಚಾಳಿನ ಒಂದು ಕೋಣೆಯಲ್ಲಿ ಅಪ್ಪ, ಮಗ, ಸೊಸೆ ಕೂಡಿ ಬಾಳುತ್ತಿದ್ದ ಕುಟುಂಬಕ್ಕೆ ಎರಡನೆಯ ಮನೆ ನಗರದೊಳಗೆ ಬಾಡಿಗೆಗೆ ದೊರೆಯುವುದು ದುರ್ಲಭವಾಯಿತು. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯಿದೆ 1960ರಲ್ಲೂ, ಸ್ವಂತದ ಫ್ಲ್ಯಾಟುಗಳನ್ನು ಕುರಿತ ಕಾಯಿದೆ 1963ರಲ್ಲೂ ಬಂದ ಮೇಲೆ ಬಾಡಿಗೆಯ ಬದಲು ಕೊಳ್ಳುವ ದಾರಿ ತೆರೆಯಿತು. ಕೊಳ್ಳುವ ಶಕ್ತಿಗೆ ನಿಲುಕುವ ನೆಲ ಇದ್ದದ್ದು ಮಾಸಿಕ ರೈಲ್ವೆ ಪಾಸಿನ ಕೊನೆಯಲ್ಲಿ. ದಾದರ್, ಗಿರಗಾಂವ್‌ಗಳ ಮರಾಠಿ ಮಧ್ಯಮವರ್ಗ ಡೊಂಬಿವಲಿಗೆ ಸರಿದದ್ದು ಹೀಗೆ. ಆದುದರಿಂದ ಡೊಂಬಿವಲಿಯ ಒಂದು ಚೌಕ ತುಂಬಿದ್ದಕ್ಕೆ ಸುತ್ತಲಿನ ಎಂಟು ಚೌಕಗಳು ಕಾರಣವೆನ್ನುವುದಕ್ಕಿಂತ, ಒಂದು ಶಾಸನ, ಒಂದು ರೈಲ್ವೆ ದರಪಟ್ಟಿ ಮತ್ತು ಒಂದು ಚಾಳು ಕಾರಣವೆನ್ನುವುದು ಸತ್ಯಕ್ಕೆ ಹತ್ತಿರ.

ಮಾದರಿ ಯಾವುದನ್ನು ದಾಳಕ್ಕೆ ಬಿಡುತ್ತದೆ ಎಂಬುದು ಇನ್ನೂ ಕುತೂಹಲಕರ. ಕಲ್ಯಾಣಿಗೆ ತಾಗಿದ ಉಲ್ಹಾಸನಗರ ಯುದ್ಧಕಾಲದಲ್ಲಿ ಸೈನ್ಯದ ಶಿಬಿರವಾಗಿತ್ತು. ದೇಶವಿಭಜನೆಯ ಬಳಿಕ ಸಿಂಧದಿಂದ ಬಂದ ನಿರಾಶ್ರಿತರು, ಸುಮಾರು ಒಂದು ಲಕ್ಷ ಜನ, ಇಲ್ಲಿಯ ಬ್ಯಾರಕುಗಳಲ್ಲಿ ನೆಲೆಯಾದರು. 1949ರಲ್ಲಿ ಅದಕ್ಕೆ ಇಂದಿನ ಹೆಸರು ಬಂದಿತು. ಎಲ್ಲೋ ಒಂದು ಖಾಲಿ ನೆಲ ಹಠಾತ್ತನೆ ತುಂಬಿ ಹೊಸ ಕೇಂದ್ರವಾದ ಇಂಥ ಘಟನೆಯನ್ನು ಮಾದರಿ 'ತಾನಾದ ಬೆಳವಣಿಗೆ' ಎಂದು ಕರೆದು ಯಾದೃಚ್ಛಿಕ ಸಂಖ್ಯೆಯೊಂದರ ಲೆಕ್ಕಕ್ಕೆ ಹಾಕುತ್ತದೆ. ಯಂತ್ರ ದಾಳವೆಸೆದ ಕಡೆಗಳಲ್ಲಿ ಇತಿಹಾಸಕಾರನಿಗೆ ಕಡತವೊಂದು ಸಿಗುತ್ತದೆ. ಹಾಗೆಯೇ 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಥಾಣೆಯ ವಾಗಳೆ ಎಸ್ಟೇಟಿನಲ್ಲಿ, ಡೊಂಬಿವಲಿಯಲ್ಲಿ, ಥಾಣೆ–ಬೇಲಾಪುರ ರಸ್ತೆಯಲ್ಲಿ ಕೈಗಾರಿಕಾ ವಸಾಹತುಗಳನ್ನು ತೆರೆದದ್ದೂ ಒಂದು ತೀರ್ಮಾನ. ಖಾಡಿಯ ಪೂರ್ವದಂಡೆಗೆ ನಗರ ಮೊದಲು ಹರಿದುಬಂದದ್ದು ಮುಂಬಯಿಯಿಂದ ನೀರು ದಾಟಿ ಅಲ್ಲ; ಉತ್ತರದ ಥಾಣೆಯಿಂದ, ಕಳವಾ ಮಾರ್ಗವಾಗಿ, ಈ ರಸಾಯನ ಕಾರ್ಖಾನೆಗಳ ಸಾಲಿನ ಜೊತೆ. ಈ ಒಂದು ವಿಷಯದಲ್ಲಿ ಮಾದರಿಯ ನಿಯಮ ಸರಿಯಾಗಿಯೇ ಊಹಿಸುತ್ತಿತ್ತು ಎನ್ನಬೇಕು, ಏಕೆಂದರೆ ನೀರು ಅದಕ್ಕೂ ನಿಷಿದ್ಧ.

ನವಿಮುಂಬಯಿಯ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗುತ್ತದೆ. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಈ ಮೂವರು 1965ರಲ್ಲಿ 'ಮಾರ್ಗ್' ಪತ್ರಿಕೆಯ ಮೂಲಕ ಮುಂದಿಟ್ಟ ವಿಚಾರ ಸರಳವಾದದ್ದು. ಉತ್ತರ–ದಕ್ಷಿಣವಾಗಿ ಹಳಿಗುಂಟ ಮಾತ್ರ ಉದ್ದವಾಗುತ್ತಿರುವ ಮುಂಬಯಿಯನ್ನು ಪೂರ್ವಕ್ಕೆ, ಬಂದರಿನ ಆಚೆಯ ದಂಡೆಗೆ ತಿರುಗಿಸಬೇಕು. ಹೊಸ ನಗರ ಹಳೆಯದರ ಮಲಗುವ ಕೋಣೆಯಾಗದೆ ಸ್ವತಂತ್ರ ಕೇಂದ್ರವಾಗಬೇಕು. 1970ರ ಮಾರ್ಚಿನಲ್ಲಿ ಇದಕ್ಕಾಗಿ ಸಿಡ್ಕೊ ಸಂಸ್ಥೆ ಹುಟ್ಟಿತು. 95 ಹಳ್ಳಿಗಳನ್ನೊಳಗೊಂಡ 344 ಚದರ ಕಿಲೋಮೀಟರ್ ನೆಲ ಅದರ ವ್ಯಾಪ್ತಿಗೆ ಬಂದಿತು. 'ನೋಡ್' ಎಂದು ಕರೆಯಲಾದ ಪ್ರತ್ಯೇಕ ಉಪನಗರಗಳ ಸರಪಳಿ, ಅವುಗಳ ನಡುವೆ ಸಾರಿಗೆ, ಇಪ್ಪತ್ತು ಲಕ್ಷ ಜನರಿಗೆ ನೆಲೆ ಎಂಬುದು ಯೋಜನೆ. ಸರ್ಕಾರದ ಸಚಿವಾಲಯ ಖಾಡಿ ದಾಟಿ ಬರುವುದೆಂಬ ನಿರೀಕ್ಷೆಯಿತ್ತು, ಅದು ಬರಲಿಲ್ಲ. ನಾರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿಸಿದ ನೆಲದ ಮೇಲೆ ಕಚೇರಿ ಗೋಪುರಗಳು ಏಳುತ್ತಲೇ ಇದ್ದವು.

ವಾಶಿಯ ಖಾಡಿ ಸೇತುವೆ 1973ರಲ್ಲಿ ಸಂಚಾರಕ್ಕೆ ತೆರೆಯಿತು. ರಸ್ತೆ ಬಂದಿತೆಂದರೆ ನಗರ ಬರಬೇಕು. ಬಂದದ್ದು ಬಹಳ ನಿಧಾನವಾಗಿ. ಮಾನಖುರ್ದ್‌ನಿಂದ ವಾಶಿಗೆ ರೈಲು ಓಡಿದ್ದು 1992ರ ಮೇ ತಿಂಗಳಲ್ಲಿ, ಅಂದರೆ ಸೇತುವೆಯಾಗಿ ಹತ್ತೊಂಬತ್ತು ವರ್ಷಗಳ ಮೇಲೆ. ನಗರಪಾಲಿಕೆ ಕೆಲಸ ಆರಂಭಿಸಿದ್ದೂ ಆ ವರ್ಷವೇ. ಥಾಣೆ–ವಾಶಿ ನಡುವಿನ ರೈಲು 2004ರಲ್ಲಿ ಬಂದಿತು. 1991ರ ಜನಗಣತಿಯಲ್ಲಿ ಮೂರು ಲಕ್ಷದಷ್ಟಿದ್ದ ನವಿಮುಂಬಯಿ ಪಾಲಿಕೆ ಪ್ರದೇಶದ ಜನಸಂಖ್ಯೆ 2001ರಲ್ಲಿ ಏಳು ಲಕ್ಷವನ್ನೂ 2011ರಲ್ಲಿ ಹನ್ನೊಂದು ಲಕ್ಷವನ್ನೂ ಮುಟ್ಟಿದ್ದು ಈ ಹಿನ್ನೆಲೆಯಲ್ಲಿ. 1973ರ ಪಟವನ್ನೂ 1990ರ ಪಟವನ್ನೂ ಹೋಲಿಸಿ ಹೊಂದಿಸಿದ ಮಾದರಿ ಈ ದಂಡೆಯ ಬೆಳವಣಿಗೆಯನ್ನು ಕಡಿಮೆಯೆಂದು ಅಂದಾಜಿಸುತ್ತದೆ. 1990 ಮತ್ತು 2010ರಿಂದ ಹೊಂದಿಸಿದ್ದು ಅದನ್ನೇ ಸಹಜಗತಿಯೆಂದು ನಂಬುತ್ತದೆ. ಎರಡರ ನಡುವೆ ಬದಲಾದದ್ದು ನೆಲದ ಗುಣವಲ್ಲ, ಒಂದು ಹಳಿ. ಈ ಲೇಖಕನ ದೃಷ್ಟಿಯಲ್ಲಿ ಗಣಕ ಮಾದರಿಯ ನಿಜವಾದ ಉಪಯೋಗ ಇಲ್ಲಿಯೇ ಇದೆ. ಸೇತುವೆಯಿದ್ದು ರೈಲಿಲ್ಲದ ಮಾದರಿಯನ್ನು ಒಮ್ಮೆ, ಎರಡೂ ಇರುವುದನ್ನು ಒಮ್ಮೆ, ಎರಡೂ ಇಲ್ಲದ್ದನ್ನು ಒಮ್ಮೆ ಓಡಿಸಿ, ಮೂರನ್ನೂ ನಡೆದುದರೊಂದಿಗೆ ಹೋಲಿಸಬಹುದು. 'ಹಾಗಾಗದಿದ್ದರೆ ಏನಾಗುತ್ತಿತ್ತು' ಎಂಬ, ನಮ್ಮ ಶಿಸ್ತಿನಲ್ಲಿ ಹರಟೆಯೆಂದು ತಳ್ಳಿಹಾಕುವ ಪ್ರಶ್ನೆಗೆ ಹೀಗೆ ಅಳತೆಯ ಉತ್ತರ ದೊರೆಯುತ್ತದೆ. ಮಾದರಿಯ ಊಹೆ ತಪ್ಪಿದ ಚೌಕಗಳ ಪಟವೇ ಇತಿಹಾಸಕಾರನಿಗೆ ಯಾವ ಹಳ್ಳಿಯ, ಯಾವ ವರ್ಷದ ದಾಖಲೆಯನ್ನು ಹುಡುಕಬೇಕೆಂದು ತೋರಿಸುವ ಸೂಚಿ.

ಆದರೆ ಈ ದಂಡೆಯಲ್ಲಿ ಇನ್ನೊಂದು ಪ್ರಶ್ನೆ ಇದೆ. ಅದು ಅಳತೆಗಿಂತ ಹಿಂದಿನದು. ಉಪಗ್ರಹಚಿತ್ರದಲ್ಲಿ 'ಖಾಲಿ' ಎಂದು ಗುರುತಿಸಲಾದ ಚೌಕ ನಿಜಕ್ಕೂ ಖಾಲಿಯೆ? ಕೊಂಕಣದ ಮೇಲೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡ ಮುಸುಕಿರುತ್ತದೆ. ಆದ್ದರಿಂದ ಬಳಸಬಹುದಾದ ಚಿತ್ರಗಳು ಚಳಿಗಾಲ, ಬೇಸಗೆಗಳವು. ಇಲ್ಲಿಯ ಭತ್ತ ಮುಖ್ಯವಾಗಿ ಮಳೆಗಾಲದ ಒಂದೇ ಬೆಳೆ. ಅಕ್ಟೋಬರ್–ನವೆಂಬರಿನಲ್ಲಿ ಕಟಾವಾದ ಮೇಲೆ ಗದ್ದೆ ಒಣಗಿ ಬಿರಿಯುತ್ತದೆ. ಫೆಬ್ರವರಿಯ ಚಿತ್ರದಲ್ಲಿ ಅಂಥ ಗದ್ದೆ ಬಂಜರಿನಂತೆ, ತೆರೆದ ನೆಲದಂತೆ ಕಾಣುವ ಸಾಧ್ಯತೆ ಬಹಳ. ಎಂಬತ್ತು ಮೀಟರಿನಷ್ಟು ಒರಟಾದ ಮೊದಲ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಗದ್ದೆಯ ಬದು, ಸಿಗಡಿ ಹಿಡಿಯುವ ಹಳ್ಳ, ಉಪ್ಪಿನ ಮಡಿಗಳ ಅಂಚು ಬೇರೆಬೇರೆಯಾಗಿ ಕಾಣುವುದೂ ಕಷ್ಟ. ಮಾದರಿಯ ಭಾಷೆಯಲ್ಲಿ ಇವೆಲ್ಲ ನಗರ ಬರಲು ಕಾದಿರುವ ಜಾಗಗಳು.

ಆ ಚೌಕಗಳಲ್ಲಿ ಆಗ್ರಿ ಮತ್ತು ಕೋಳಿ ಸಮುದಾಯಗಳ ಜನರಿದ್ದರು. ಅವರ ಗದ್ದೆ, ಮೀನಿನ ಖಾಡಿ, ಉಪ್ಪಿನ ಕೆಲಸ ಮೂರೂ ಆ ನೆಲವನ್ನೇ ನಂಬಿದ್ದವು. ಯೋಜನೆಗಾಗಿ ಅವರ ನೆಲ 1894ರ ಭೂಸ್ವಾಧೀನ ಕಾಯಿದೆಯಡಿ ಸರ್ಕಾರದ ವಶವಾಯಿತು. ಪರಿಹಾರದ ದರ ಮತ್ತು ಅಭಿವೃದ್ಧಿಯ ಬಳಿಕ ಅದೇ ನೆಲ ಪಡೆದ ಬೆಲೆ, ಇವೆರಡರ ನಡುವಿನ ಅಂತರವೇ ಚಳವಳಿಯ ಬೇರು. ಶೇತಕರಿ ಕಾಮಗಾರ್ ಪಕ್ಷದ ದಿ.ಬಾ. ಪಾಟೀಲರ ನಾಯಕತ್ವದಲ್ಲಿ ಉರಣ್ ತಾಲೂಕಿನ ರೈತರು ಬೀದಿಗಿಳಿದರು. 1984ರ ಜನವರಿ 16 ಮತ್ತು 17ರಂದು ಜಾಸಯಿ ಪರಿಸರದಲ್ಲಿ ಪೊಲೀಸರು ಗುಂಡು ಹಾರಿಸಿ ಐವರು ಸತ್ತರು. ಅದರ ಪರಿಣಾಮವಾಗಿ, ಸ್ವಾಧೀನವಾದ ನೆಲದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನಗಳ ರೂಪದಲ್ಲಿ ಮೂಲ ರೈತರಿಗೆ ಮರಳಿಸುವ ಯೋಜನೆ 1990ರಲ್ಲಿ ಬಂದಿತು. ಇಂದು ನವಿಮುಂಬಯಿಯ ಬಹುಮಹಡಿಗಳ ನಡುವೆ ದಟ್ಟವಾಗಿ, ಓರೆಕೋರೆಯಾಗಿ ಕಾಣುವ 'ಗಾವಠಾಣ'ಗಳು, ಅಂದರೆ ಹಳ್ಳಿಯ ಮೂಲ ವಸತಿ ನೆಲೆಗಳು, ಈ ಕಥೆಯ ಉಳಿಕೆಗಳು. ಉಪಗ್ರಹಚಿತ್ರದಲ್ಲಿ ಗಾವಠಾಣವೂ ಸಿಡ್ಕೊ ವಸಾಹತೂ ಒಂದೇ ಬಣ್ಣ. ಯಾವುದು ಮೊದಲು ಇತ್ತು, ಯಾವುದು ಯಾರ ನೆಲದ ಮೇಲೆ ಬಂದಿತು ಎಂಬುದಕ್ಕೆ ತಲಾಠಿಯ ಸಾತ್‌ಬಾರಾ ಉತಾರಗಳನ್ನೇ, ನಮ್ಮ ಪಹಣಿಯಂಥವುಗಳನ್ನೇ, ತೆರೆಯಬೇಕು.

'ನಿಷಿದ್ಧ ಪದರ'ದ ಕಥೆಯೂ ಇಂಥದೇ. ಮಾದರಿಕಾರ ನಕ್ಷೆಯ ಮೇಲೆ ಅರಣ್ಯ, ಕಾಂಡ್ಲಾವನ, ಜಲಪ್ರದೇಶಗಳನ್ನು ಗುರುತಿಸಿ ಇಲ್ಲಿ ನಗರ ಬೆಳೆಯದು ಎಂದು ಬರೆದಿಡುತ್ತಾನೆ. ಥಾಣೆ, ಕಲ್ಯಾಣ್‌ಗಳಲ್ಲಿ ಕಾನೂನಿನ ಗೆರೆಗೂ ಕಟ್ಟಡದ ಗೆರೆಗೂ ಅಂಥ ನಿಷ್ಠಾವಂತ ಸಂಬಂಧವಿಲ್ಲ. 1983ರಲ್ಲಿ ಕಲ್ಯಾಣ್ ಮಹಾನಗರಪಾಲಿಕೆಯಾದಾಗ ಅದರಲ್ಲಿ ಸೇರಿದ್ದ 27 ಹಳ್ಳಿಗಳನ್ನು 2002ರಲ್ಲಿ ಹೊರಗಿಟ್ಟು, 2015ರಲ್ಲಿ ಪುನಃ ಸೇರಿಸಲಾಯಿತು. ನಡುವಿನ ಹದಿಮೂರು ವರ್ಷ ಡೊಂಬಿವಲಿಯ ಅಂಚಿನಲ್ಲಿ ಪಾಲಿಕೆಯ ನಿಯಮವಿಲ್ಲದ ಆದರೆ ನಗರದ ಬೇಡಿಕೆಯಿರುವ ನೆಲ ತೆರೆದಿತ್ತು. ಅಂಚಿನ ಬೆಳವಣಿಗೆಯ ವೇಗ ಅಲ್ಲಿ ಏರಿದ್ದರೆ ಯಂತ್ರ ಅದನ್ನು ಚೌಕಗಳ ಸ್ವಭಾವವೆಂದು ಓದುತ್ತದೆ. ಸ್ಥಳೀಯರು ಅದನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. ಅಲ್ಲಿಂದ ದೂರವಲ್ಲದ, ಥಾಣೆ ಪಾಲಿಕೆಗೆ ಸೇರಿದ ಶಿಲ್‌ಫಾಟಾದಲ್ಲಿ 2013ರ ಏಪ್ರಿಲ್ 4ರಂದು, ಅನುಮತಿಯಿಲ್ಲದೆ ಏಳುತ್ತಿದ್ದ ಕಟ್ಟಡ ಕುಸಿದು 74 ಮಂದಿ ಸತ್ತರು. ಕಟ್ಟಡ ಮುಗಿಯುವ ಮೊದಲೇ ಅದರಲ್ಲಿ ಜನ ವಾಸವಾಗಿದ್ದರು. ಮೂವತ್ತು ಮೀಟರಿನ ಒಂದು ಚೌಕ ಖಾಲಿಯಿಂದ ತುಂಬಿದ ಸ್ಥಿತಿಗೆ ಬರುವುದೆಂದರೆ ಇಲ್ಲಿ ಇದು ಸಹ.

ಕನ್ನಡದ ಸಂಶೋಧಕರು ಈ ಪ್ರದೇಶದತ್ತ ಗಮನ ಹರಿಸಬೇಕಾದುದಕ್ಕೆ ವಿಶೇಷ ಕಾರಣವಿದೆ. ಮುಂಬಯಿಯ ಕೋಟೆ, ಗಿರಗಾಂವ್, ಮಾಟುಂಗಗಳಲ್ಲಿ ಮೊದಲು ನೆಲೆಸಿದ ಕರಾವಳಿಯ ಕನ್ನಡ–ತುಳು ಕುಟುಂಬಗಳು ಮೇಲೆ ಹೇಳಿದ ಅದೇ ಹಳಿಗುಂಟ ಥಾಣೆ, ಡೊಂಬಿವಲಿಗಳಿಗೂ, ಮುಂದೆ ನೆರೂಲ್, ವಾಶಿಗಳಿಗೂ ಸರಿದವು. ನಿಲ್ದಾಣದ ಎದುರಿನ ಉಡುಪಿ ಹೋಟೆಲು, ಅದರ ಹಿಂದೆ ಹುಡುಗರ ವಸತಿ, ಬಳಿಕ ಸಂಘ, ಶಾಲೆ, ದೇವಸ್ಥಾನ ಎಂಬ ಕ್ರಮವನ್ನು ಇಲ್ಲಿಯ ಯಾವ ಉಪನಗರದಲ್ಲಿಯೂ ಗುರುತಿಸಬಹುದು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಈ ಸಾಲಿನದು. ಒಬ್ಬನು ಬಂದಲ್ಲಿಗೆ ಅವನ ಭಾವಮೈದುನ, ಅವನ ಹಿಂದೆ ಊರಿನ ಇನ್ನಿಬ್ಬರು ಬರುತ್ತಾರೆ. ಗಣಕದ ಮಾತಿನಲ್ಲಿ ಹೇಳುವುದಾದರೆ ಪಡುಬಿದ್ರೆಯ ಒಂದು ಚೌಕವೂ ಡೊಂಬಿವಲಿಯ ಒಂದು ಚೌಕವೂ ನೆರೆಹೊರೆಯವು. ಟೋಬ್ಲರ್ ಅವರ ಸೂತ್ರ ನಿಲ್ಲುವುದು ಇಲ್ಲಿ. ಹತ್ತಿರವೆಂಬುದನ್ನು ಮೀಟರುಗಳಲ್ಲಿ ಅಳೆದ ಮಾದರಿಗೆ ಬಂಧುತ್ವದ ಹತ್ತಿರ ಕಾಣುವುದಿಲ್ಲ.

ಈ ನಂಟಿನ ಇನ್ನೊಂದು ತುದಿಯೂ ಅಧ್ಯಯನಕ್ಕೆ ಒಳಗಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಸುಧೀರ, ಟಿ.ವಿ. ರಾಮಚಂದ್ರ, ಕೆ.ಎಸ್. ಜಗದೀಶ್ ಮಂಗಳೂರು–ಉಡುಪಿ ಹೆದ್ದಾರಿ ಪ್ರದೇಶವನ್ನು ಕುರಿತು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1972ರಿಂದ 1999ರ ಅವಧಿಯಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು ಶೇಕಡಾ 54ರಷ್ಟು ಹೆಚ್ಚಿದರೆ ಕಟ್ಟಡಗಳ ವ್ಯಾಪ್ತಿ ಶೇಕಡಾ 146ರಷ್ಟು ಹೆಚ್ಚಿತು. ಜನರಿಗಿಂತ ಮನೆಗಳು ಏಕೆ ವೇಗವಾಗಿ ಹೆಚ್ಚಿದವು? ಹೆದ್ದಾರಿಯ ಆಕರ್ಷಣೆ ಒಂದು ಉತ್ತರ. ಊರಿನಲ್ಲಿ ವಾಸಿಸದವರ ಗಳಿಕೆ ಊರಿನಲ್ಲಿ ಮನೆಯಾದದ್ದು ಇನ್ನೊಂದು ಉತ್ತರವಿರಬಹುದೆ ಎಂದು ಮುಂಬಯಿಯ ಕಡೆಯಿಂದ ನೋಡುವವರು ಕೇಳದೆ ಇರಲಾರರು. ಡೊಂಬಿವಲಿಯ ಎರಡು ಕೋಣೆಯ ಫ್ಲ್ಯಾಟಿಗೂ ಕಾಪುವಿನ ಬೀಗ ಹಾಕಿದ ತಾರಸಿ ಮನೆಗೂ ಒಬ್ಬನೇ ಯಜಮಾನನಿದ್ದರೆ, ಎರಡು ನಗರಗಳ ಹರಡುವಿಕೆಯನ್ನು ಎರಡು ಬೇರೆ ಪಟಗಳಲ್ಲಿ ಓದುವುದು ಅರ್ಧ ಓದು. ಇದನ್ನು ಪರೀಕ್ಷಿಸಲು ಬೇಕಾದ ಆಕರಗಳು ನಮ್ಮ ಕೈಯಲ್ಲಿಯೇ ಇವೆ. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದಿನದು. ಇಂಥ ಸಂಸ್ಥೆಗಳ ಸದಸ್ಯರ ಪಟ್ಟಿಗಳಲ್ಲಿ, ವಾರ್ಷಿಕ ವರದಿಗಳಲ್ಲಿ, ದಾನಿಗಳ ಯಾದಿಗಳಲ್ಲಿ ಹೆಸರಿನ ಮುಂದೆ ವಿಳಾಸವಿರುತ್ತದೆ, ಮುಖಪುಟದ ಮೇಲೆ ವರ್ಷವಿರುತ್ತದೆ. ವಿಳಾಸಗಳನ್ನು ವರ್ಷವಾರು ಪಟದ ಮೇಲೆ ಇಟ್ಟರೆ, ಉಪಗ್ರಹಗಳು ಹಾರುವ ಮೊದಲಿನ ದಶಕಗಳಿಗೂ ಒಂದು ಬಗೆಯ ನಗರವ್ಯಾಪ್ತಿಯ ಪಟ ದೊರೆಯುತ್ತದೆ. ಸರ್ವೇ ಆಫ್ ಇಂಡಿಯಾದ ಹಳೆಯ ಭೂಪಟಗಳ ಜೊತೆ ಅದನ್ನು ಸೇರಿಸಿ ಮಾದರಿಯನ್ನು 1973ರಿಂದಲ್ಲ, 1925ರ ವಿದ್ಯುತ್ ರೈಲಿನ ಕಾಲದಿಂದ ಓಡಿಸಿ ನೋಡುವುದು ಅಸಾಧ್ಯವೇನಲ್ಲ. ಸಾಹಿತ್ಯ ಚರಿತ್ರೆಗೆ ಮಾತ್ರ ಬಳಸುತ್ತ ಬಂದ ಸ್ಮರಣಸಂಚಿಕೆಗಳಿಗೆ ಇದೊಂದು ಹೊಸ ಉಪಯೋಗವಾದೀತು.

ಮಾದರಿಯಲ್ಲಿ ಸ್ಥಿರವೆಂದು ಹಿಡಿದ ಅಂಶವೊಂದು ಉಳಿಯಿತು, ಅದು ಇಳಿಜಾರು. ರಸ್ತೆ ಬದಲಾಗಬಹುದು, ನಿಷೇಧ ಸಡಿಲಬಹುದು. ಬೆಟ್ಟ ಬೆಟ್ಟವಾಗಿಯೇ ಇರುತ್ತದೆ ಎಂಬುದು ಲೆಕ್ಕ. ಆದ್ದರಿಂದ ಎತ್ತರದ ಪಟವನ್ನು ಯಂತ್ರಕ್ಕೆ ಒಂದೇ ಸಲ ಕೊಟ್ಟರೆ ಸಾಕು. ನವಿಮುಂಬಯಿಯ ದಕ್ಷಿಣದಲ್ಲಿ ವಿಮಾನನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನು ಕಡಿದು ಸಮಮಾಡಲಾಯಿತು, ಆ ಮಣ್ಣುಕಲ್ಲುಗಳಿಂದ ಜೌಗನ್ನು ಎತ್ತರಿಸಲಾಯಿತು, ಉಲ್ವೆ ನದಿಯ ಪಾತ್ರವನ್ನು ತಿರುಗಿಸಲಾಯಿತು, ಹತ್ತು ವಸತಿಗಳ ಜನರನ್ನು ಬೇರೆಡೆಗೆ ಕಳುಹಿಸಲಾಯಿತು. ನಿಲ್ದಾಣಕ್ಕೆ ದಿ.ಬಾ. ಪಾಟೀಲರ ಹೆಸರಿಡಬೇಕೆಂದು ಭೂಮಿ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ವರ್ಷಗಟ್ಟಲೆ ಒತ್ತಾಯಿಸಿದರು. 2025ರ ಅಕ್ಟೋಬರ್ 8ರಂದು ಅದರ ಉದ್ಘಾಟನೆಯಾಯಿತು. 1973ರ ಎತ್ತರದ ಪಟದಲ್ಲಿ ಆ ಜಾಗದ ಚೌಕಗಳು ಇಂದಿಗೂ ಬೆಟ್ಟ ಮತ್ತು ನೀರು.